ಬಜರ್ ಒತ್ತೋಕೆ ಎಷ್ಟು ಗೊತ್ತಿರಬೇಕು? ‘ಯೂನಿವರ್ಸಿಟಿ ಚಾಲೆಂಜ್’ ನೋಡೋದು ಹೀಗೆ

(ಈ ವಾರದ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ, ಮೆಟ್ರೋದಲ್ಲಿ, ಇಲ್ಲಾ ಪಿಜಿ ರೂಮಲ್ಲಿ ಬಟ್ಟೆ ಮಡಚ್ತಾ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಉತ್ತರ ಹೊಳೆದ ತಕ್ಷಣ ಜೋರಾಗಿ ಹೇಳ್ಬೇಕು. ಪಕ್ಕದಲ್ಲಿ ಕೂತವರು ತಿರುಗಿ ನೋಡಿದ್ರೂ ಪರವಾಗಿಲ್ಲ. ರೆಡಿನಾ?

ವೇಣುಗ್ರಾಮ ಅನ್ನೋ ಹಳೆಯ ಹೆಸರಿದ್ದ, ರಟ್ಟರ ರಾಜಧಾನಿಯಾಗಿದ್ದ ಈ ಊರಿನ ಕೋಟೆಯೊಳಗೆ 13ನೇ ಶತಮಾನದ ಆರಂಭದ ಕಮಲ ಬಸದಿ ಇದೆ... ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಇಲ್ಲೇ ನಡೀತು... ಕುಂದಾಗೆ ಹೆಸರಾದ, ಸುವರ್ಣ ವಿಧಾನಸೌಧ ಇರೋ ಈ ನಗರ ಯಾವುದು?

ಬೆಳಗಾವಿ. ನಿಮ್ಮಲ್ಲಿ ಎಲ್ಲರಿಗೂ ಗೊತ್ತಾಗಿರುತ್ತೆ. ಆದರೆ ನಾನು ಕೇಳಬೇಕಾಗಿರೋದು ಬೇರೆ. ನಿಮಗೆ ಎಲ್ಲಿ ಗೊತ್ತಾಯ್ತು? ಇತಿಹಾಸ ಓದಿದವರಿಗೆ ರಟ್ಟರು ಅಂದಾಗಲೇ ಹೊಳೆದಿರಬಹುದು. ಇನ್ನು ಕೆಲವರಿಗೆ ಗಾಂಧೀಜಿ ಅಂದಾಗ. ಕುಂದಾ ಅಂದಮೇಲಂತೂ ಯಾರನ್ನೂ ತಡೆಯೋಕಾಗಲ್ಲ. ಇನ್ನೊಂದು ಪ್ರಶ್ನೆ: ಗೊತ್ತಾದ ಕ್ಷಣದಲ್ಲೇ ಬಾಯಿಬಿಟ್ಟು ಹೇಳಿದ್ರಾ? ಅಥವಾ "ಇರ್ಲಿ, ಪೂರ್ತಿ ಕೇಳಿ ಖಾತ್ರಿ ಮಾಡ್ಕೊಳ್ಳೋಣ" ಅಂತ ಸುಮ್ಮನಿದ್ರಾ?

ಗೊತ್ತಾಗೋದಕ್ಕೂ ಹೇಳೋದಕ್ಕೂ ನಡುವೆ ಇರೋ ಆ ಎರಡು ಸೆಕೆಂಡ್ ಇದೆಯಲ್ಲ, ಇವತ್ತಿನ ಸಂಚಿಕೆ ಅದರ ಬಗ್ಗೆ. ಆ ಎರಡು ಸೆಕೆಂಡಿನ ಮೇಲೇ ನಿಂತಿರೋ ಒಂದು ಟಿವಿ ಕಾರ್ಯಕ್ರಮ ಇದೆ. ಬ್ರಿಟನ್ನಿನ ‘ಯೂನಿವರ್ಸಿಟಿ ಚಾಲೆಂಜ್’.

ಏನಿದು ಕಾರ್ಯಕ್ರಮ?

ಅಮೆರಿಕದ ‘ಕಾಲೇಜ್ ಬೌಲ್’ ಅನ್ನೋ ಕ್ವಿಜ್‌ನ ಮಾದರಿಯಲ್ಲಿ 1962ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಇದು ಶುರುವಾಯ್ತು. 1987ರವರೆಗೆ ಬ್ಯಾಂಬರ್ ಗ್ಯಾಸ್ಕೋಯ್ನ್ ನಡೆಸಿಕೊಟ್ಟರು. ಕೆಲವು ವರ್ಷ ನಿಂತುಹೋಗಿ, 1994ರಲ್ಲಿ ಬಿಬಿಸಿ ಟೂನಲ್ಲಿ ಮತ್ತೆ ಬಂತು. ಆಗ ಕ್ವಿಜ್ ಮಾಸ್ಟರ್ ಜೆರೆಮಿ ಪ್ಯಾಕ್ಸ್‌ಮನ್. 2023ರಿಂದ ಅಮೋಲ್ ರಾಜನ್. ಹೆಸರು ಕೇಳಿ ಕಿವಿ ನೆಟ್ಟಗಾಯ್ತಲ್ವಾ? ಅವರು ಹುಟ್ಟಿದ್ದು ಕೋಲ್ಕತ್ತಾದಲ್ಲಿ, ಬೆಳೆದಿದ್ದು ಲಂಡನ್ನಿನಲ್ಲಿ.

ನಮ್ಮ ದೇಶಕ್ಕೂ ಇದರ ನಂಟಿದೆ. 1985ರಲ್ಲಿ ದೂರದರ್ಶನದ ‘ಕ್ವಿಜ್ ಟೈಮ್’ ಮೂಲಕ ಮನೆಮಾತಾದ ಸಿದ್ಧಾರ್ಥ ಬಸು, 2000ದ ದಶಕದ ಮೊದಲಲ್ಲಿ ಬಿಬಿಸಿ ವರ್ಲ್ಡ್‌ಗಾಗಿ ಯೂನಿವರ್ಸಿಟಿ ಚಾಲೆಂಜ್‌ನ ಭಾರತದ ಆವೃತ್ತಿ ನಡೆಸಿಕೊಟ್ಟಿದ್ದರು.

ಆಟ ಸರಳ. ನಾಲ್ಕು ನಾಲ್ಕು ಜನರ ಎರಡು ತಂಡ. ಮೊದಲು ಒಂದು ‘ಸ್ಟಾರ್ಟರ್’ ಪ್ರಶ್ನೆ, 10 ಅಂಕ. ಇದಕ್ಕೆ ಯಾರ ಜೊತೆಗೂ ಮಾತಾಡೋ ಹಾಗಿಲ್ಲ. ಯಾರು ಮೊದಲು ಬಜರ್ ಒತ್ತುತ್ತಾರೋ ಅವರೇ, ಒಬ್ಬರೇ, ಉತ್ತರ ಹೇಳ್ಬೇಕು. ಸರಿಯಾದ್ರೆ ಆ ತಂಡಕ್ಕೆ ಒಂದೇ ವಿಷಯದ ಮೇಲೆ ಮೂರು ಬೋನಸ್ ಪ್ರಶ್ನೆ, ಒಂದೊಂದಕ್ಕೆ 5 ಅಂಕ. ಇಲ್ಲಿ ನಾಲ್ಕೂ ಜನ ಗುಸುಗುಸು ಚರ್ಚೆ ಮಾಡ್ಬಹುದು, ಕ್ಯಾಪ್ಟನ್ ಉತ್ತರ ಹೇಳ್ತಾರೆ. ಚಿತ್ರ ನೋಡಿ ಹೇಳೋದು, ಸಂಗೀತ ಕೇಳಿ ಹೇಳೋದು ಮಧ್ಯೆ ಮಧ್ಯೆ ಬರುತ್ತೆ. ಗಾಂಗ್ ಹೊಡೆದ್ರೆ ಆಟ ಮುಗೀತು.

ಇಷ್ಟೇನಾ ಅಂದ್ರೆ, ಇಲ್ಲ. ಒಂದು ಪುಟ್ಟ ನಿಯಮ ಇದೆ, ಇಡೀ ಆಟದ ರುಚಿ ಅದರಲ್ಲಿದೆ. ಕ್ವಿಜ್ ಮಾಸ್ಟರ್ ಇನ್ನೂ ಪ್ರಶ್ನೆ ಓದ್ತಿರುವಾಗಲೇ ಬಜರ್ ಒತ್ತಿ ತಪ್ಪು ಹೇಳಿದ್ರೆ 5 ಅಂಕ ಕಳೀತಾರೆ. ಅಷ್ಟೇ ಅಲ್ಲ, ಉಳಿದ ಪ್ರಶ್ನೆಯನ್ನ ಪೂರ್ತಿಯಾಗಿ ಎದುರಾಳಿಗೆ ಓದಿ ಹೇಳ್ತಾರೆ. ಅವರು ಆರಾಮಾಗಿ ಕೇಳ್ಕೊಂಡು ಉತ್ತರ ಹೇಳ್ಬಹುದು. ಅದೇ ಪ್ರಶ್ನೆ ಓದಿ ಮುಗಿದ ಮೇಲೆ ಒತ್ತಿ ತಪ್ಪು ಹೇಳಿದ್ರೆ ಅಂಕ ಕಳೆಯಲ್ಲ.

ಅಂದ್ರೆ ಬೇಗ ಒತ್ತಿದ್ರೆ ಅಪಾಯ. ಕಾದ್ರೆ ಎದುರಿನವರು ಕಸ್ಕೊಂಡು ಹೋಗ್ತಾರೆ. ಹಾಗಾದ್ರೆ ಎಷ್ಟು ಗೊತ್ತಿದ್ರೆ ಒತ್ತಬೇಕು?

ಬಿಕಾಂ ತಲೆ ಮಾಡಿದ ಲೆಕ್ಕ

ನಾನು ಓದಿದ್ದು ಬಿಕಾಂ. ಎಲ್ಲಿ ಲಾಭನಷ್ಟ ಕಂಡ್ರೂ ಬ್ರೇಕ್ ಈವನ್ ಪಾಯಿಂಟ್ ಹುಡುಕೋದು ಅಭ್ಯಾಸ ಆಗಿಬಿಟ್ಟಿದೆ. ಒಂದು ರಾತ್ರಿ ಪೆನ್ನು ಹಿಡ್ಕೊಂಡು ಕೂತೆ. ನೀವೂ ನನ್ನ ಜೊತೆ ಲೆಕ್ಕ ಹಾಕಿ, ಕಷ್ಟ ಇಲ್ಲ.

ಎರಡೂ ತಂಡ ಸರಿಸಮ ಅಂದ್ಕೊಳ್ಳಿ. ಬೋನಸ್‌ಗಳಲ್ಲಿ ಅರ್ಧ ಸರಿ ಹೇಳ್ತಾರೆ ಅಂತಿಟ್ಕೊಳ್ಳೋಣ. ಆಗ ಒಂದು ಸ್ಟಾರ್ಟರ್ ಸರಿ ಹೇಳಿದ್ರೆ ಸಿಗೋದು 10, ಜೊತೆಗೆ 15ರಲ್ಲಿ ಅರ್ಧ ಅಂದ್ರೆ ಏಳೂವರೆ. ಒಟ್ಟು 17.5.

ಮಧ್ಯದಲ್ಲೇ ಒತ್ತಿ ತಪ್ಪು ಹೇಳಿದ್ರೆ? 5 ಅಂಕ ಹೋಯ್ತು. ಎದುರಾಳಿಗೆ ಪೂರ್ತಿ ಪ್ರಶ್ನೆ ಸಿಗುತ್ತೆ, ಅವರು ಅರ್ಧ ಸಲ ಸರಿ ಹೇಳ್ತಾರೆ ಅಂದ್ರೆ ಅವರಿಗೆ ಸರಾಸರಿ 8.75 ಕೊಟ್ಟ ಹಾಗಾಯ್ತು. ಒಟ್ಟು ನಷ್ಟ 13.75.

ಈಗ 100 ಸಲ ಹೀಗೆ ಮಧ್ಯದಲ್ಲೇ ಒತ್ತಿದ್ರಿ ಅಂದ್ಕೊಳ್ಳಿ. 44 ಸಲ ಸರಿ, 56 ಸಲ ತಪ್ಪು. ಲಾಭ 44 ಗುಣಿಸು 17.5, ಅಂದ್ರೆ 770. ನಷ್ಟ 56 ಗುಣಿಸು 13.75, ಅದೂ 770. ಸಮ ಸಮ!

ಇನ್ನೊಂದು ಸಲ ಹೇಳ್ತೀನಿ. ನೂರಕ್ಕೆ 56 ಸಲ ತಪ್ಪು ಹೇಳಿದ್ರೂ ನೀವು ಏನೂ ಕಳ್ಕೊಂಡಿಲ್ಲ. ನಿಮ್ಮ ನಂಬಿಕೆ 44 ಪರ್ಸೆಂಟ್ ದಾಟಿದ ಕ್ಷಣವೇ ಒತ್ತೋದು ಲಾಭ. ಅರ್ಧಕ್ಕಿಂತಲೂ ಕಮ್ಮಿ ಖಾತ್ರಿ ಸಾಕು! ನಿಜವಾದ ಪಂದ್ಯದಲ್ಲಿ ತಂಡದಿಂದ ತಂಡಕ್ಕೆ ಈ ಸಂಖ್ಯೆ ಬದಲಾಗುತ್ತೆ. ಎದುರಾಳಿ ಬಲವಾಗಿದ್ದಷ್ಟೂ ಕಾಯೋದ್ರಿಂದ ಸಿಗೋದು ಕಮ್ಮಿ, ಯಾಕಂದ್ರೆ ಕಾದ್ರೂ ಅವರೇ ತಗೊಂಡು ಹೋಗ್ತಾರೆ. ಆದರೆ ನೂರಕ್ಕೆ ನೂರು ಖಾತ್ರಿ ಆಗ್ಲಿ ಅಂತ ಕಾಯೋ ತಂಡ ಗೆಲ್ಲೋದು ಕಷ್ಟ, ಅಷ್ಟಂತೂ ಲೆಕ್ಕದಲ್ಲೇ ಇದೆ.

ನೀಟ್ ಬರೆದವರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ನಾಲ್ಕು ಆಯ್ಕೆಯಲ್ಲಿ ಒಂದೇ ಒಂದು ತಪ್ಪು ಅಂತ ಖಚಿತವಾಗಿ ಗೊತ್ತಿದ್ರೂ ಉಳಿದದ್ದರಲ್ಲಿ ಊಹೆ ಮಾಡೋದು ಲೆಕ್ಕದ ಪ್ರಕಾರ ಲಾಭವೇ. ಆದ್ರೂ ಎಷ್ಟು ಜನ ಖಾಲಿ ಬಿಟ್ಟು ಬರ್ತೀವಿ ಅಲ್ವಾ?

ಬೇಗ ಒತ್ತೋರಿಗೆ ಹಳ್ಳ ತೋಡೋ ಪ್ರಶ್ನೆಗಳೂ ಇವೆ, ಅದನ್ನೂ ಹೇಳಿಬಿಡ್ತೀನಿ. ನಾನೇ ಮಾಡಿದ ಒಂದು ಉದಾಹರಣೆ: "ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಯಾವುದು?" ಮೊದಲ ನಾಲ್ಕು ಪದ ಕೇಳಿ ಒತ್ತಿದವರು ಮುಳ್ಳಯ್ಯನಗಿರಿ ಅಂತಾರೆ, ಐದು ಅಂಕ ಹೋಗುತ್ತೆ. ಬೇಕಾಗಿದ್ದಿದ್ದು ಆನೆಮುಡಿ. ಪಳಗಿದ ಆಟಗಾರರು ಉತ್ತರ ಗೊತ್ತಾದ ಮೇಲೆ ಒತ್ತಲ್ಲ, ಪ್ರಶ್ನೆ ಎತ್ತ ತಿರುಗುತ್ತೆ ಅಂತ ಗೊತ್ತಾದಾಗ ಒತ್ತುತ್ತಾರೆ. ಬೆರಳು ಮೊದಲು ಹೋಗುತ್ತೆ, ಉತ್ತರ ಹಿಂದೆ ಬರುತ್ತೆ.

2015ರ ಫೈನಲ್‌ನ ಒಂದು ತುಣುಕು ಇದಕ್ಕೇ ಹೆಸರುವಾಸಿ. ಕೇಂಬ್ರಿಡ್ಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜಿನ ಟೆಡ್ ಲವ್‌ಡೇ, ಪ್ಯಾಕ್ಸ್‌ಮನ್ ಪ್ರಶ್ನೆ ಓದ್ತಿರುವಾಗಲೇ ಬಜರ್ ಒತ್ತಿ "ಹಾಪಾಕ್ಸ್ ಲೆಗೊಮೆನಾನ್" ಅಂದರು. ಒಂದು ಕೃತಿಯಲ್ಲೋ ಒಂದು ಭಾಷೆಯ ದಾಖಲೆಯಲ್ಲೋ ಒಂದೇ ಒಂದು ಸಲ ಬರೋ ಪದಕ್ಕೆ ಇರೋ ಗ್ರೀಕ್ ಮೂಲದ ಹೆಸರು ಅದು. ಆ ವರ್ಷ ಗೆದ್ದಿದ್ದೂ ಅವರ ತಂಡವೇ.

ನಾನು ಒತ್ತದೇ ಇದ್ದ ಬೆಲ್ಲು

ಈ ಲೆಕ್ಕ ಹಾಕೋಕೆ ನಾನು ಯಾಕೆ ರಾತ್ರಿಯೆಲ್ಲ ಕೂತೆ ಅಂದ್ರೆ, ಅದಕ್ಕೆ ಒಂದು ಹಳೇ ಬಾಕಿ ಇದೆ.

ಹೈಸ್ಕೂಲಲ್ಲಿದ್ದಾಗ ತಾಲೂಕು ಮಟ್ಟದ ಕ್ವಿಜ್‌ಗೆ ಹೋಗಿದ್ದೆ. ನಾನು ಕನ್ನಡ ಮೀಡಿಯಂ. ಬಜರ್ ಎಲ್ಲಿಂದ ಬರ್ಬೇಕು, ಟೇಬಲ್ ಮೇಲೆ ಆಫೀಸಲ್ಲಿ ಇಡೋ ಥರದ ಬೆಲ್ಲು. ಪ್ರಶ್ನೆಗಳನ್ನ ಮೊದಲು ಇಂಗ್ಲಿಷ್‌ನಲ್ಲಿ ಓದ್ತಿದ್ರು, ಆಮೇಲೆ ಕನ್ನಡದಲ್ಲಿ. ಗಿಡಗಳು ಬೆಳಕಿನಿಂದ ಆಹಾರ ತಯಾರಿಸೋ ಕ್ರಿಯೆಗೆ ಏನಂತಾರೆ ಅಂತ ಕೇಳಿದ್ರು. ಇಂಗ್ಲಿಷ್‌ನಲ್ಲಿ ಓದಿದಾಗಲೇ ಪ್ರಶ್ನೆ ಅರ್ಥ ಆಗಿತ್ತು. ದ್ಯುತಿಸಂಶ್ಲೇಷಣೆ. ಅದನ್ನ ಪರೀಕ್ಷೆಗೆ ಎಷ್ಟು ಸಲ ಬರೆದಿಲ್ಲ ನಾನು! ಕೈ ಬೆಲ್ಲಿನ ಮೇಲೇ ಇತ್ತು. ಆದರೆ ತಲೆಯಲ್ಲಿ ಒಂದೇ ಯೋಚನೆ: ಕನ್ನಡದಲ್ಲಿ ಹೇಳಿದ್ರೆ ಒಪ್ಕೋತಾರಾ? ಇಂಗ್ಲಿಷ್ ಪದ ಏನದು? ಫೋಟೋ... ಫೋಟೋ ಏನೋ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಬೆಲ್ಲು ಟಿಣ್ ಅಂತು. ಆ ಹುಡುಗಿ "ಫೋಟೋಸಿಂಥೆಸಿಸ್" ಅಂದ್ಳು, ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಕನ್ನಡದ ಉತ್ತರ ಒಪ್ತಾ ಇದ್ರೋ ಏನೋ, ನಾನು ಕೇಳಲೇ ಇಲ್ಲ. ಬಸ್ಸಲ್ಲಿ ವಾಪಸ್ ಬರುವಾಗ ಪಕ್ಕದಲ್ಲಿ ಕೂತ ನನ್ನ ಜೊತೆಗಾರ "ನಿಂಗೆ ಗೊತ್ತಿತ್ತು ಅಲ್ವೇನೋ" ಅಂದ. "ಇಲ್ಲ ಕಣೋ" ಅಂದೆ. ಗೊತ್ತಿದ್ದೂ ಹೇಳ್ಲಿಲ್ಲ ಅನ್ನೋದಕ್ಕಿಂತ ಗೊತ್ತೇ ಇರ್ಲಿಲ್ಲ ಅನ್ನೋದು ಸುಲಭ ಅನಿಸ್ತು.

ಮನೇಲಿ ಆಗ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ತಪ್ಪದೆ ನೋಡ್ತಿದ್ವಿ. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಡ್ತಿರೋ, ಸರಿ ಉತ್ತರಕ್ಕೆ ಪುಸ್ತಕ ಬಹುಮಾನ ಕೊಡೋ ಕಾರ್ಯಕ್ರಮ. ಅಪ್ಪ ಟಿವಿ ಮುಂದೆ ಕುರ್ಚಿ ಹಾಕ್ಕೊಂಡು ಕೂತು, ಉತ್ತರ ಬಂದ ಮೇಲೆ "ಅದೇ, ನಂಗೆ ಗೊತ್ತಿತ್ತು" ಅನ್ನೋರು. ಅಮ್ಮ ಓದಿದ್ದು ಏಳನೇ ಕ್ಲಾಸು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಾನೇ ಕೂಗಿ ಉತ್ತರ ಹೇಳೋರು. ಅರ್ಧಕ್ಕರ್ಧ ತಪ್ಪು! ನಾವೆಲ್ಲ ನಗ್ತಿದ್ವಿ, ಅವರೂ ನಗೋರು, ಮುಂದಿನ ಪ್ರಶ್ನೆಗೆ ಮತ್ತೆ ಕೂಗೋರು. ಈಗ ನನ್ನ ಲೆಕ್ಕದ ಪ್ರಕಾರ ನೋಡಿದ್ರೆ, ನಮ್ಮ ಮನೇಲಿ ಸರಿಯಾಗಿ ಆಡ್ತಿದ್ದವರು ಅಮ್ಮ ಒಬ್ಬರೇ.

ಆ ಕುರ್ಚಿ ಯಾರದು?

ಒತ್ತೋ ಧೈರ್ಯ ಅಂದ್ರೆ ಬರೀ ಸ್ವಭಾವನಾ? ನನಗೆ ಹಾಗೆ ಅನ್ಸಲ್ಲ. "ಈ ಜಾಗದಲ್ಲಿ ಮಾತಾಡೋಕೆ ನನಗೆ ಹಕ್ಕಿದೆ" ಅಂತ ಅನ್ನಿಸೋದೂ ಮುಖ್ಯ. ಯೂನಿವರ್ಸಿಟಿ ಚಾಲೆಂಜ್‌ನ ಚರಿತ್ರೆಯಲ್ಲೂ ಇದೇ ಜಗಳ ಇದೆ.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳು ಹತ್ತಾರು ಕಾಲೇಜುಗಳ ಒಕ್ಕೂಟ ಇದ್ದ ಹಾಗೆ. ಸ್ಪರ್ಧೆಯಲ್ಲಿ ಅವುಗಳ ಒಂದೊಂದು ಕಾಲೇಜೂ ಬೇರೆ ಬೇರೆ ತಂಡವಾಗಿ ಬರಬಹುದು. ಮ್ಯಾಂಚೆಸ್ಟರ್‌ನಂಥ ದೊಡ್ಡ ವಿಶ್ವವಿದ್ಯಾಲಯಕ್ಕೆ ಮಾತ್ರ ಒಂದೇ ತಂಡ. 1975ರಲ್ಲಿ ಮ್ಯಾಂಚೆಸ್ಟರ್ ತಂಡ ಇದನ್ನ ವಿರೋಧಿಸಿ ಟಿವಿಯಲ್ಲೇ ಪ್ರತಿಭಟನೆ ಮಾಡ್ತು. ಹೇಗೆ ಗೊತ್ತಾ? ಏನೇ ಪ್ರಶ್ನೆ ಕೇಳಿದ್ರೂ "ಮಾರ್ಕ್ಸ್", "ಲೆನಿನ್", "ಟ್ರಾಟ್ಸ್ಕಿ", "ಚೆ ಗುವಾರ" ಅಂತ ಉತ್ತರ ಹೇಳೋಕೆ ಶುರು ಮಾಡಿದ್ರು. ಮುಂದೆ ಪತ್ರಕರ್ತರಾಗಿ ಹೆಸರು ಮಾಡಿದ ಡೇವಿಡ್ ಆರನೋವಿಚ್ ಆ ತಂಡದಲ್ಲಿದ್ದರು. ನಿಯಮ ಬದಲಾಗಲಿಲ್ಲ. ಆದರೆ ಅದೇ ಮ್ಯಾಂಚೆಸ್ಟರ್ ಮುಂದೆ 2006, 2009, 2012, 2013ರಲ್ಲಿ ನಾಲ್ಕು ಸಲ ಗೆದ್ದಿತು. ಲಂಡನ್ನಿನ ಇಂಪೀರಿಯಲ್ ಕಾಲೇಜು 1996, 2001, 2020, 2022, 2024ರಲ್ಲಿ ಗೆದ್ದು ಅವರನ್ನೂ ದಾಟಿದೆ.

2009ರ ಗೆಲುವಿನ ಕತೆ ಸ್ವಲ್ಪ ಬೇರೆ. ಫೈನಲ್‌ನಲ್ಲಿ ಗೆದ್ದಿದ್ದು ಆಕ್ಸ್‌ಫರ್ಡ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜು, ಮ್ಯಾಂಚೆಸ್ಟರ್ ಸೋತಿತ್ತು. ಪ್ರಸಾರ ಆದ ಮೇಲೆ ಗೊತ್ತಾಯ್ತು, ಗೆದ್ದ ತಂಡದ ಒಬ್ಬ ಸದಸ್ಯ ಸರಣಿಯ ಮಧ್ಯದಲ್ಲೇ ವಿದ್ಯಾರ್ಥಿಯಾಗಿ ಉಳಿದಿರಲಿಲ್ಲ ಅಂತ. ಸರಣಿಯ ರೆಕಾರ್ಡಿಂಗ್ ಎರಡು ಶೈಕ್ಷಣಿಕ ವರ್ಷಕ್ಕೆ ಹರಡಿಕೊಂಡಿತ್ತು, ಎಡವಟ್ಟಾಗಿದ್ದು ಅಲ್ಲೇ. ತಂಡವನ್ನ ಅನರ್ಹಗೊಳಿಸಿ ಪ್ರಶಸ್ತಿಯನ್ನ ಮ್ಯಾಂಚೆಸ್ಟರ್‌ಗೆ ಕೊಟ್ಟರು. ನಾಲ್ಕು ಕುರ್ಚಿಯಲ್ಲಿ ಯಾರು ಕೂರಬಹುದು ಅನ್ನೋ ಪ್ರಶ್ನೆ ಅಲ್ಲಿ ಅಷ್ಟು ಗಂಭೀರ.

ನಮ್ಮ ಕಡೆ ಅದೇ ಪ್ರಶ್ನೆ ಭಾಷೆಯ ರೂಪದಲ್ಲಿ ಬರುತ್ತೆ. ಬೆಂಗಳೂರು ಕ್ವಿಜ್‌ಗೆ ಹೆಸರಾದ ಊರು. 1983ರಲ್ಲೇ ಇಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಶುರುವಾಗಿದೆ. ಆದರೆ ಇಂಗ್ಲಿಷ್ ಕ್ವಿಜ್‌ನಲ್ಲಿ ಕೂತ ಕನ್ನಡ ಮೀಡಿಯಂ ಹುಡುಗನಿಗೆ ಬಜರ್‌ಗಿಂತ ಮೊದಲು ಇನ್ನೊಂದು ಗೇಟು ದಾಟೋದಿರುತ್ತೆ. ಅನುವಾದದ ಗೇಟು. ಎರಡು ಸೆಕೆಂಡ್ ಹೋಗೋದು ಅಲ್ಲೇ. ಅವನಿಗೆ ಗೊತ್ತಿಲ್ಲ ಅಂತ ಸ್ಕೋರ್‌ಬೋರ್ಡ್ ಹೇಳುತ್ತೆ, ಅಷ್ಟೇ. ಶಾಲೆ, ಕಾಲೇಜುಗಳಲ್ಲಿ ಕ್ವಿಜ್ ಮಾಡ್ಸೋ ಸ್ನೇಹಿತರು ಯಾರಾದ್ರೂ ಇದನ್ನ ಕೇಳ್ತಿದ್ರೆ ಒಂದು ಮನವಿ: "ಉತ್ತರ ಯಾವ ಭಾಷೆಯಲ್ಲಾದ್ರೂ ಹೇಳಿ" ಅನ್ನೋ ಒಂದು ವಾಕ್ಯವನ್ನ ಶುರುವಿನಲ್ಲೇ, ಎಲ್ಲರಿಗೂ ಕೇಳೋ ಹಾಗೆ ಹೇಳಿಬಿಡಿ. ಖರ್ಚೇನೂ ಇಲ್ಲ.

ಸರಣಿ ಪೂರ್ತಿ ನೋಡೋದು ಹೇಗೆ?

ಈಗ ನೋಡೋ ಬಗೆ. ಒಂದು ಸರಣಿಯಲ್ಲಿ 28 ತಂಡ, 37 ಪಂದ್ಯ. ಮೊದಲ ಸುತ್ತಿನಲ್ಲಿ 14 ಪಂದ್ಯ, ಗೆದ್ದ 14 ತಂಡ ಮುಂದಕ್ಕೆ. ಸೋತವರಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ನಾಲ್ಕು ತಂಡಕ್ಕೆ ಇನ್ನೊಂದು ಅವಕಾಶ. ಅವು ತಮ್ಮತಮ್ಮಲ್ಲೇ ಎರಡು ಪಂದ್ಯ ಆಡಿ, ಇಬ್ಬರು ಉಳೀತಾರೆ. ಹೀಗೆ 16. ಎರಡನೇ ಸುತ್ತಿನಲ್ಲಿ ಅದು 8 ಆಗುತ್ತೆ. ಕ್ವಾರ್ಟರ್ ಫೈನಲ್‌ನಲ್ಲಿ ಒಂದು ಸೋಲಿಗೆ ಮನೆಗೆ ಕಳಿಸಲ್ಲ. ಎರಡು ಗೆದ್ರೆ ಸೆಮಿಫೈನಲ್, ಎರಡು ಸೋತ್ರೆ ಔಟ್.

ಆದ್ದರಿಂದ ಮೊದಲ ಸುತ್ತಿನಲ್ಲಿ ಸೋಲ್ತಿರೋ ತಂಡವನ್ನೇ ಕೊನೆಯ ಐದು ನಿಮಿಷ ಗಮನಿಸಿ. ಗೆಲ್ಲೋಕಾಗಲ್ಲ ಅಂತ ಗೊತ್ತಿದ್ರೂ ಅವರು ಪಟಪಟ ಒತ್ತುತ್ತಿರ್ತಾರೆ. ಆ ಐದೋ ಹತ್ತೋ ಅಂಕ ನಾಲ್ವರಲ್ಲಿ ಒಬ್ಬರಾಗಿ ಅವರನ್ನ ಉಳಿಸಬಹುದು.

ಒಂದು ನೋಟ್‌ಬುಕ್ ಇಟ್ಕೊಳ್ಳಿ, ಫೋನಲ್ಲಾದ್ರೂ ಸರಿ. ಒಂದೊಂದು ತಂಡ ಎಷ್ಟು ಸ್ಟಾರ್ಟರ್ ಹೊಡೀತು, ಎಷ್ಟು ಬೋನಸ್ ಸರಿ ಹೇಳ್ತು, ಎರಡನ್ನೂ ಬೇರೆ ಬೇರೆ ಬರೀರಿ. ಒಂದು ತಂಡ 10 ಸ್ಟಾರ್ಟರ್ ಹೊಡೆದು, 30 ಬೋನಸ್‌ನಲ್ಲಿ 9 ಮಾತ್ರ ಸರಿ ಹೇಳಿದ್ರೆ 145 ಅಂಕ. ಇನ್ನೊಂದು ತಂಡ 8 ಸ್ಟಾರ್ಟರ್ ಹೊಡೆದು, 24ರಲ್ಲಿ 14 ಬೋನಸ್ ಸರಿ ಹೇಳಿದ್ರೆ 150. ಬಜರ್‌ನಲ್ಲಿ ಚುರುಕಾಗಿದ್ದ ತಂಡ ಸೋತುಹೋಯ್ತು! ಸ್ಟಾರ್ಟರ್ ಅಂದ್ರೆ ಒಬ್ಬರ ಧೈರ್ಯ, ಬೋನಸ್ ಅಂದ್ರೆ ನಾಲ್ಕು ಜನ ಒಬ್ಬರ ಮಾತು ಒಬ್ಬರು ಕೇಳಿಸ್ಕೊಳ್ಳೋದು. ಒಳ್ಳೆ ಕ್ಯಾಪ್ಟನ್ ಮೂಲೆಯಲ್ಲಿ ಮೆಲ್ಲಗೆ ಹೇಳಿದವರ ಉತ್ತರಾನೂ ಕೇಳಿಸ್ಕೋತಾರೆ. ಮುಂದಿನ ಸಲ ನೋಡುವಾಗ ಗಮನಿಸಿ.

ಮೂರನೇ ಕಾಲಂ ನಿಮ್ಮದು. ಅದಕ್ಕೆ ಒಂದೇ ನಿಯಮ: ಸ್ಪರ್ಧಿಗಿಂತ ಮೊದಲು, ಜೋರಾಗಿ ಹೇಳಿದ್ದರೆ ಮಾತ್ರ ಅಂಕ. "ನಂಗೆ ಗೊತ್ತಿತ್ತು" ಅನ್ನೋದಕ್ಕೆ ಸೊನ್ನೆ. ಅಪ್ಪನ ಅಂಕ ಇಲ್ಲಿ ನಡೆಯಲ್ಲ.

ಶುರುವಿನಲ್ಲಿ ಸ್ಕೋರ್ ಕೆಟ್ಟದಾಗಿರುತ್ತೆ, ಮೊದಲೇ ಹೇಳ್ತೀನಿ. ನಾನು ಮೊದಲು ನೋಡಿದಾಗ ಒಂದು ಪಂದ್ಯದಲ್ಲಿ ಮೂರು ಉತ್ತರ ಬಂದ್ರೆ ದೊಡ್ಡದು. ಇಂಗ್ಲೆಂಡಿನ ಕೌಂಟಿಗಳು, ಅಲ್ಲಿನ ಕವಿಗಳು ನಮಗೆಲ್ಲಿ ಗೊತ್ತು? ಅವರಿಗೆ ಅದು ಸಾಮಾನ್ಯ ಜ್ಞಾನ, ನಮಗೆ ರನ್ನ, ಜನ್ನ ಇದ್ದ ಹಾಗೆ. ಆದರೆ ಮೆಂಡಲೀವ್‌ನ ಕೋಷ್ಟಕ, ಗಣಿತ, ದೇಶಗಳ ರಾಜಧಾನಿ ಎಲ್ಲಾ ಕಡೆ ಒಂದೇ. ಅಲ್ಲಿಂದ ಶುರು ಮಾಡಿ. ತಪ್ಪಾಗಿದ್ದರಲ್ಲಿ ದಿನಕ್ಕೆ ಒಂದನ್ನ ಮಾತ್ರ ಹುಡುಕಿ ಓದಿ, ಎಲ್ಲವನ್ನೂ ಅಲ್ಲ. ಎರಡು ತಿಂಗಳಲ್ಲಿ ನೋಟ್‌ಬುಕ್ಕೇ ನಿಮಗೆ ವ್ಯತ್ಯಾಸ ತೋರಿಸುತ್ತೆ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಫೋನಲ್ಲಿ ಒಂದು ತುಣುಕು ಹಾಕಿ ಅಮ್ಮನಿಗೆ ತೋರಿಸಿದೆ. ಪ್ರಶ್ನೆಯನ್ನ ಕನ್ನಡದಲ್ಲಿ ಹೇಳ್ದೆ: ಯಾವ ಲೋಹ ಸಾಮಾನ್ಯ ತಾಪಮಾನದಲ್ಲಿ ದ್ರವವಾಗಿರುತ್ತೆ? "ಪಾದರಸ" ಅಂದ್ರು, ಕೈಯಲ್ಲಿದ್ದ ಸೊಪ್ಪು ಬಿಡಿಸ್ತಾನೇ. ಫೋನಲ್ಲಿ ಆ ಹುಡುಗ ಇನ್ನೂ ಯೋಚನೆ ಮಾಡ್ತಿದ್ದ.

ಸರಿ ಸ್ನೇಹಿತರೇ, ಇವತ್ತಿಗೆ ಇಷ್ಟು. ಗೊತ್ತಿದ್ದೂ ನೀವು ಹೇಳದೇ ಉಳಿದ ಉತ್ತರ ಯಾವುದಾದ್ರೂ ಇದ್ರೆ ವಾಯ್ಸ್ ನೋಟ್ ಕಳಿಸಿ, ಯಾವ ಭಾಷೆಯಲ್ಲಾದ್ರೂ ಸರಿ. ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀನಿ. ಅಲ್ಲಿವರೆಗೂ ನಮಸ್ಕಾರ.